ಕುಣಿಯೊಳಗೆ ಕೂತ ಅಪ್ಪ

ಹೋದ ತಿಂಗಳು ಆಳಂದದ ಒಂದು ಸಭೆಯಲ್ಲಿ ವಿದ್ವಾಂಸರೊಬ್ಬರು ಬಲು ತಣ್ಣಗೆ ಮಾತಾಡಿದರು. ಕಾದಾಡುವ ಜನಾಂಗಗಳನ್ನು ಬೇರೆ ಬೇರೆ ಕಡೆ ಸಾಗಿಸಿಬಿಟ್ಟರೆ ಸಾವು ಕಡಿಮೆಯಾಗುತ್ತದಂತೆ. ನೋವಾದರೂ ಅದು ಸಣ್ಣ ಕೆಡುಕಂತೆ. ಮುಂದಿನ ಸಾಲಿನವರು ಹೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಕೇಳಿಯೇಬಿಟ್ಟೆ.

"ಎರಡೂ ಕಡೆಯವ್ರನ್ನ ಎಬ್ಬಸ್ತಾರೇನ್ರಿ ಸಾಹೇಬ್ರ? ನಾ ನೋಡಿದ್ರಾಗ ಒಂದ ಕಡೆಯವ್ರಷ್ಟ ಗಂಟುಮೂಟಿ ಕಟ್ಯಾರ."

"ನಿಮ್ಮದು ಭಾವನೆಯ ಪ್ರಶ್ನೆ" ಎಂದರು. ಆಗಲಿ, ಭಾವನೆಯದ್ದನ್ನೇ ಹೇಳುತ್ತೇನೆ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಗೆ. ನಾವು ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರು. ಊರಿನವರ ಪಾಲಿಗೆ ಮಾತ್ರ ಇಂದಿಗೂ ಮುಟ್ಟಬಾರದವರು. ನಮ್ಮ ಓಣಿಯ ಇಬ್ಬರು ಹುಡುಗರು ಗುಡಿಯ ಕಟ್ಟೆಯ ಮೇಲೆ ಕೂತರೆಂದು ಹೊಡೆದಾಟವಾಯಿತು. ಆಮೇಲೆ ಗಿರಣಿಯವನು ನಮ್ಮ ಜೋಳ ಬೀಸಲಿಲ್ಲ, ಕಿರಾಣಿಯವನು ಎಣ್ಣೆ ಕೊಡಲಿಲ್ಲ. ಕಡೆಗೆ ಊರ ಗೌಡ ಶಾಂತಿ ಸಭೆ ಕರೆದ. ಹೊಡೆದವರು ಊರಲ್ಲಿರಬೇಕು, ಹೊಡೆತ ತಿಂದ ಹನ್ನೊಂದು ಮನೆಯವರು ಜೇವರ್ಗಿ ಕಡೆ ಹೋಗಬೇಕು ಎಂದು ತೀರ್ಮಾನವಾಯಿತು. ಶಾಂತಿಯಂತೆ, ಶಾಂತಿ!

ರಾಜಿ ಕಾಗದ ಬರೆಯಲು ನನ್ನನ್ನೇ ಕರೆದರು. ಆಗ ನಾನು ಮಾಸ್ತರಿಕೆ ಕಲಿಯುತ್ತಿದ್ದೆ, ಅಕ್ಷರ ದುಂಡಗಿದ್ದವು. "ನಮ್ಮ ಸ್ವಂತ ಖುಷಿಯಿಂದ ಊರು ಬಿಡುತ್ತಿದ್ದೇವೆ" ಎಂದು ಅವರು ಹೇಳಿದರು, ನಾನು ಬರೆದೆ. ಥೂ, ನನ್ನ ಕೈ ಸೇದಿಹೋಗಲಿ! ಹೆದರಿದ್ದೆ, ನಿಜ. ಗೌಡರ ಸಭೆಗೆ ನನ್ನನ್ನು ಕರೆದರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಹೆಬ್ಬೆಟ್ಟು ಒತ್ತುವ ಮುಂಚೆ ಅಪ್ಪ ಒಂದೇ ಒಂದು ಬೇಡಿದ. ಅವ್ವನನ್ನು ಅದೇ ಊರಲ್ಲಿ ಮಣ್ಣು ಮಾಡಿದ್ದೆವು.

"ನಾ ಸತ್ತರ ನನ್ನ ಹೆಂಡ್ತಿ ಬಾಜೂಕ ಮಣ್ಣ ಮಾಡಾಕ ಬಿಡ್ರಿ ಗೌಡ್ರ, ಅಷ್ಟ ಸಾಕು."

"ಅದೂ ಬ್ಯಾಡ್ಲೇ, ಮತ್ತ ಗಲಾಟಿ ಆಗ್ತದ" ಎಂದ ಗೌಡ.

ಎರಡು ವರ್ಷದ ಮೇಲೆ ಆ ಗೌಡನ ತಾಯಿ ತೀರಿಕೊಂಡಳು. ಅವರು ಹೆಣವನ್ನು ಕೂರಿಸಿ ಹೂಳುವವರು. ಕುಣಿ ತೋಡಿ, ಒಳಗೋಡೆಯಲ್ಲಿ ಹೆಣ ಕೂರುವಷ್ಟು ಗೂಡು ಕೊರೆಯಬೇಕು. ಆ ಕೆಲಸ ಬಲ್ಲವನು ಊರಿಗೆಲ್ಲ ಅಪ್ಪನೊಬ್ಬನೇ. ನಮ್ಮನ್ನು ಓಡಿಸುವ ಅವಸರದಲ್ಲಿ ಅದು ಯಾರಿಗೂ ನೆನಪಾಗಿರಲಿಲ್ಲ. ಜೆಸಿಬಿ ತರಿಸಿದರು, ಎರೆಮಣ್ಣು ದಬದಬ ಕುಸಿಯಿತು. ಮಧ್ಯಾಹ್ನ ಜೇವರ್ಗಿ ಕಡೆಯ ನಮ್ಮ ತಗಡಿನ ಶೆಡ್ಡಿನ ಮುಂದೆ ಅವರ ಜೀಪು ನಿಂತಿತು.

"ಬರ್ರಿ ಮುತ್ಯಾ, ನೀವ ಬರಬೇಕು" ಎಂದ ಗೌಡನ ಆಳು. ಮುತ್ಯಾನಂತೆ, ಅಜ್ಜನಂತೆ!

ಹೋಗಬೇಡ ಎಂದು ನಾನು ಕೂಗಾಡಿದೆ. ಅಪ್ಪ ಸಲಿಕೆ ಹಿಡಿದು ಜೀಪು ಹತ್ತಿದ. ಹಲ್ಲು ಕಡಿಯುತ್ತ ನಾನೂ ಹತ್ತಿದೆ.

ಅಪ್ಪ ಹೊಸ ಜಾಗದಲ್ಲಿ ಕುಣಿ ತೋಡಿದ, ಗೂಡು ಕೊರೆದ. ಭಜನೆಯೊಂದಿಗೆ ಹೆಣ ಬಂತು. ಅಪ್ಪ ಮೇಲೆ ಬರಲಿಲ್ಲ. ಆ ಗೂಡಿನಲ್ಲಿ ತಾನೇ ಹೋಗಿ ಚಕ್ಕಳಮಕ್ಕಳ ಹಾಕಿ ಕೂತ.

"ಏಯ್, ಮ್ಯಾಲ ಬಾರೋ!" ಎಂದು ಗೌಡ ಕೂಗಿದ.

"ಬರಂಗಿಲ್ರಿ. ನನ್ನ ಹೆಂಡ್ತಿ ಬಾಜೂಕ ನನಗ ಜಾಗಾ ಕೊಡ್ತೇವಂತ ಬರದ ಕೊಡ್ರಿ. ನನ್ನ ಮಗ ಬರೀತಾನ."

ಎಳೆದುಹಾಕಬೇಕೆಂದರೆ ಅಪ್ಪನನ್ನು ಮುಟ್ಟಬೇಕು. ಹೆಣದ ಮುಂದೆ ಮಡಿಯಲ್ಲಿ ನಿಂತವರು ಒಬ್ಬರೂ ಕೆಳಗಿಳಿಯಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹಾಸಿ ನಾನು ಬರೆದೆ, ಅದೇ ದುಂಡನೆಯ ಅಕ್ಷರದಲ್ಲಿ: "ನಮ್ಮ ಸ್ವಂತ ಖುಷಿಯಿಂದ ಜಾಗ ಕೊಡುತ್ತಿದ್ದೇವೆ." ಗೌಡ ಸಹಿ ಹಾಕಿದ. ಅಪ್ಪ ಮೇಲೆ ಬಂದ.

ವಾಪಸು ಬರುವಾಗ ನಾನು ಗೆದ್ದವನ ಹಾಗೆ ಬೀಗುತ್ತಿದ್ದೆ. ಅಪ್ಪ ಉಗುರಿನ ಮಣ್ಣು ತೆಗೆಯುತ್ತ ಕೇಳಿದ.

"ಸತ್ತ ಮ್ಯಾಲ ಬರಾಕ ಕಾಗದ ಆತು. ಜೀವ ಇದ್ದಾಗ ಬರಾಕ ಏನ್ ಬರೀತೀಲೇ?"



ಹೋದ ವರ್ಷ ಆ ಕಾಗದ ತೋರಿಸಿ ಅಪ್ಪನನ್ನು ಊರಿಗೆ ಒಯ್ದೆ. ಯಾರೂ ತಡೆಯಲಿಲ್ಲ. ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದೆವು. ಕೈ ತೊಳೆಯಲು ನೀರು ಕೇಳಿದರೆ, "ಮುಗೀತಲ್ಲ, ಇನ್ನ ನಡೀರಿ" ಎಂದರು.