ಸಭಾಕೊಠಡಿಯ ಬಾಗಿಲಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರಿನ ಪಂಪು ತಯಾರಿಸುವ ಕಂಪನಿಯೊಂದರ ಸಭಾಕೊಠಡಿಯಲ್ಲಿ ಒಬ್ಬರು ಉದ್ದನೆಯ ಮೇಜಿಗೆ ಒದ್ದೆ ಬಟ್ಟೆ ಹಾಕಿ, ಅದರ ಹಿಂದೆಯೇ ಒಣ ಬಟ್ಟೆ ಎಳೆಯುತ್ತಿದ್ದಾರೆ. ಆಮೇಲೆ ನೀರಿನ ಬಾಟಲಿ, ಪೆನ್ನು, ಹೆಸರಿನ ಫಲಕ. ಮೈಕನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ನಿರ್ದೇಶಕರು ಬರಲು ಇನ್ನೂ ಹೊತ್ತಿದೆ. ಕಚೇರಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಬಾಗಿಲಣ್ಣ ಎಂದೇ.

ಹೆಸರು ಬಿದ್ದದ್ದು ಕೆಲಸದಿಂದ. ಈ ಕಂಪನಿಯ ಷೇರುಗಳು ಪೇಟೆಯಲ್ಲಿ ಮಾರಾಟವಾಗುತ್ತವೆ. ಯಾರ್ಯಾರದೋ ಉಳಿತಾಯ ಅದರಲ್ಲಿದೆ. ಹಾಗಾಗಿ ಕಂಪನಿ ಆಡಳಿತ ಸಂಹಿತೆಗೆ ತಲೆಬಾಗಬೇಕು. ಅದರಲ್ಲೊಂದು ನಿಯಮ: ನಿರ್ದೇಶಕನಿಗೋ ಅವನ ಮನೆಯವರಿಗೋ ಲಾಭವಾಗುವ ವಿಷಯ ಚರ್ಚೆಗೆ ಬಂದರೆ ಆತ ಎದ್ದು ಹೊರಗೆ ಹೋಗಬೇಕು. ಹಾಗೆ ಹೊರಬಂದವರನ್ನು ಬಾಗಿಲಾಚೆಯ ಸೋಫಾದಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಒಳಗಿನಿಂದ ಕರೆ ಬರುವವರೆಗೆ ಅಲ್ಲೇ ನಿಲ್ಲುವುದು ಬಾಗಿಲಣ್ಣನ ಪಾಲಿನ ಸಂಹಿತೆ. ಸಭೆ ಇರುವುದು ವರ್ಷಕ್ಕೆ ಆರೇಳು ಸಲ. ಉಳಿದ ದಿನವೆಲ್ಲ ಚಹಾ, ಕಡತ, ಮೇಜು.

ಮೊದಲೆಲ್ಲ ಹೀಗಿರಲಿಲ್ಲ. “ಟ್ರೇ ಹಿಡ್ಕೊಂಡು ಒಳಗೆ ಹೋಗೋಕೆ ಸುಲಭ ಅಂತ ನಾನೇ ಬಾಗಿಲು ಒಂಚೂರು ತೆರೆದಿಡ್ತಿದ್ದೆ,” ಎನ್ನುತ್ತಾರೆ. “ಸೋಫಾದಲ್ಲಿ ಕೂತವರಿಗೆ ಒಳಗಿನ ಮಾತೆಲ್ಲ ಕೇಳ್ತಿತ್ತು. ನನಗೆ ಚಹಾದ್ದೇ ಚಿಂತೆ.” ವಾರ್ಷಿಕ ವರದಿಯಲ್ಲಿ ಮಾತ್ರ ‘ಸಂಹಿತೆಯನ್ನು ಸಂಪೂರ್ಣವಾಗಿ ಪಾಲಿಸಲಾಗಿದೆ’ ಎಂದು ತಪ್ಪದೆ ಅಚ್ಚಾಗುತ್ತಿತ್ತು. ಹೊಸದಾಗಿ ಬಂದ ಕಂಪನಿ ಕಾರ್ಯದರ್ಶಿ ಮೇಡಂ ಒಂದು ದಿನ ತಾವೇ ಆ ಸೋಫಾದಲ್ಲಿ ಕುಳಿತು ನೋಡಿದರು. ಬೈಯಲಿಲ್ಲ. ಚಹಾ ತಣ್ಣಗಾದರೂ ಆಗಲಿ, ಬಾಗಿಲು ಮುಚ್ಚಿರಲಿ ಎಂದರಂತೆ.

ಬಾಗಿಲಣ್ಣ ಮೊದಲು ಇದೇ ಕಂಪನಿಯ ಗೋದಾಮಿನಲ್ಲಿ ಪಂಪುಗಳನ್ನು ಲಾರಿಗೆ ಏರಿಸುತ್ತಿದ್ದವರು. ಸೊಂಟ ಕೈಕೊಟ್ಟ ಮೇಲೆ ಕಚೇರಿಗೆ ಬಂದರು. ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾರೆ. ಮನೆಯಲ್ಲಿ ಕಣ್ಣು ಕಾಣದ ಅತ್ತೆ ಇದ್ದಾರೆ, ಅಳಿಯನ ಕೈಯಿಂದಲೇ ಔಷಧಿ ಬೇಕು ಎಂದು ಅವರ ಹಟ. ಇವರ ನೌಕರಿ ವರ್ಷದ ಗುತ್ತಿಗೆಯದು, ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸಲು ಸಹಿ ಹಾಕಬೇಕಾದವರು ಸಿಬ್ಬಂದಿ ವಿಭಾಗದ ನಿರ್ದೇಶಕರು, ಅಂದರೆ ಕಂಪನಿ ಕಟ್ಟಿದ ಹಿರಿಯರ ಅಳಿಯ.

ಇಂದಿನ ಸಭೆಯಲ್ಲಿ ರಟ್ಟಿನ ಪೆಟ್ಟಿಗೆ ಪೂರೈಸುವ ಕೆಲಸ ಯಾರಿಗೆ ಎಂಬುದು ತೀರ್ಮಾನವಾಗಬೇಕು. ಆ ಕೆಲಸ ಕೇಳಿದವರಲ್ಲಿ ಈ ನಿರ್ದೇಶಕರ ತಮ್ಮನ ಕಾರ್ಖಾನೆಯೂ ಇದೆ. ಕಾರ್ಖಾನೆ ನನ್ನದಲ್ಲ, ತಮ್ಮನದು ಎನ್ನುತ್ತಾರೆ ಇವರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಒಳಗೆ ಎಲ್ಲರ ದರಗಳನ್ನು ಓದುತ್ತಾರೆ. ಅವು ಅಣ್ಣನ ಕಿವಿಗೆ ಬಿದ್ದರೆ, ತೀರ್ಮಾನಕ್ಕೆ ಮೊದಲೇ ತಮ್ಮನಿಗೆ ಫೋನು ಹೋಗಿ ಅವನ ದರ ಇಳಿದೀತು.

ವಿಷಯ ಬರುತ್ತಲೇ ನಿರ್ದೇಶಕರು ಹೊರಗೆ ಬರುತ್ತಾರೆ. ಬಾಗಿಲಣ್ಣನ ಬಗ್ಗೆ ಬರೆಯಲೆಂದು ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕುಳಿತ ನನ್ನನ್ನು ಯಾರನ್ನೋ ಕಾಣಲು ಬಂದವರು ಎಂದುಕೊಂಡಿರಬೇಕು. ಕಾಲರ್ ಸಡಿಲಿಸುತ್ತ ಹೇಳುತ್ತಾರೆ: “ಬಾಗಿಲು ಒಂಚೂರು ತೆಗೆದಿಡಪ್ಪ. ಒಳಗಿನ ಎ.ಸಿ. ಗಾಳಿ ಇಲ್ಲಿಗೂ ಬರಲಿ.”

ಬಾಗಿಲಣ್ಣ ಮೂಲೆಯಲ್ಲಿದ್ದ ಟೇಬಲ್ ಫ್ಯಾನ್ ಎತ್ತಿ ತಂದು ಅವರ ಕಡೆ ತಿರುಗಿಸುತ್ತಾರೆ.

“ನಿನ್ನ ಕಾಗದ ನನ್ನ ಮೇಜಿನ ಮೇಲಿದೆ. ಗೊತ್ತಲ್ಲ?”

“ಗೊತ್ತು ಸಾರ್. ಚಹಾ ತರ್ಲಾ?”

ಬಾಗಿಲಣ್ಣ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ನೋಡುತ್ತ ಕುಳಿತ ನನಗೇ ಭಯವಾಗುತ್ತದೆ.

ಪೆಟ್ಟಿಗೆಯ ಕೆಲಸ ಬೇರೆಯವರ ಪಾಲಾಗುತ್ತದೆ. ಸಭೆ ಮುಗಿಯುತ್ತಲೇ ನಿರ್ದೇಶಕರು ಯಾರ ಮುಖವನ್ನೂ ನೋಡದೆ ಲಿಫ್ಟ್ ಹತ್ತುತ್ತಾರೆ. ನಡೆದದ್ದನ್ನು ಕಾರ್ಯದರ್ಶಿ ಮೇಡಂಗೆ ಹೇಳಬಾರದೇ ಎಂದು ಬಾಗಿಲಣ್ಣನನ್ನು ಕೇಳಿದೆ. ಹೇಳುತ್ತೇನೆ, ಆದರೆ ಸಹಿ ಅವರ ಕೈಯಲ್ಲಿಲ್ಲವಲ್ಲ ಎಂದರು. ಇದನ್ನೆಲ್ಲ ಬರೆಯಲೇ ಎಂದರೆ, ಬರೆಯಿರಿ ಎಂದರು. ಹಾಗಾದರೆ ನಿಮ್ಮ ಆಸೆ ಏನು ಎಂದೆ. ಖಾಲಿ ಕಪ್ಪುಗಳನ್ನು ಟ್ರೇಗೆ ಜೋಡಿಸುತ್ತ ಹೇಳಿದರು:

“ಇಲ್ಲೇ ಇರೋ ಆಸೆ ಇದೆ. ಕೆಲಸದಿಂದ ತೆಗೆದ್ರೂ, ಹೊಸಬನ್ನ ಒಂದು ದಿನ ನನ್ನ ಜೊತೆ ಬಿಡಲಿ. ಈ ಬಾಗಿಲು ಎಳೆದ್ರೆ ಮುಚ್ಚಿದ ಹಾಗೇ ಕಾಣ್ಸುತ್ತೆ, ಆದ್ರೆ ಚಿಲಕ ಬಿದ್ದಿರಲ್ಲ. ಕೈಯಿಂದ ಒಂದ್ಸಲ ಒತ್ತಬೇಕು. ಅದನ್ನ ಹೇಳಿಕೊಟ್ಟು ಹೋಗ್ತೀನಿ.”