ಎಸರಿನ ಮುಂದೆ ಕೂತ ಬಾಣ

ನಿನ್ನೆ ತಾವರಗೇರಾ ಕಡೆಯ ನಮ್ಮ ಹಳ್ಳಿಯಿಂದ ಚಿಕ್ಕಮಾವನ ಮೊಮ್ಮಕ್ಕಳು ಕಳಿಸಿದ ಜೋಳದ ಚೀಲ ಬಿಚ್ಚಿದೆ ನೋಡಿ, ಮೇಲೆಯೇ ಒಂದು ಹುಂಜದ ಗರಿ. ಧೂಳು ಹೋಗಲೆಂದು ನೀರಲ್ಲಿ ಅದ್ದಿದೆ. ಅದ್ದಿದ್ದೇ ತಡ, ಗರಿ ಮುದುಡಿ ಕಡ್ಡಿಯಾಯಿತು. ತೊಯ್ದ ಗರಿ ಉಬ್ಬಬೇಕಲ್ಲವೇ? ಇಷ್ಟು ವರ್ಷ ನಾನು ನಂಬಿದ್ದು ಅದನ್ನೇ. ನಂಬಿದ್ದು ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಿಜಾಮನ ಕಾಲದ ಮಾತು. ನಮ್ಮ ಮಾವನವರಿಗೆ ಬಾಣದ ಹುಚ್ಚು. ತೆನೆಗೆ ಮುತ್ತುವ ಹಕ್ಕಿಗೆ ಬಿಡಲು ಇಡೀ ಗರಿಯನ್ನು ಬಾಣದ ಬುಡಕ್ಕೆ ಸುತ್ತಿ ಕಟ್ಟುತ್ತಿದ್ದರು. ದಾರ ಬಿಗಿಯುವುದು ಸೊಸೆಯಾದ ನನ್ನ ಕೆಲಸ. ಒಮ್ಮೆ ನನ್ನ ಸೆರಗನ್ನೂ ಸೇರಿಸಿ ಬಿಗಿದಿದ್ದೆ. ದಪ್ಪ ಗರಿಯ ಬಾಣ ಬುರ್ರೆಂದು ಎದ್ದು ಹತ್ತಿರದಲ್ಲೇ ಬೀಳುತ್ತದೆ, ಹುಡುಕಿ ಸಾಯಬೇಕಿಲ್ಲ. ಕೋಳಿಯೂ ಅಷ್ಟೇ ತಾನೇ ಹಾರುವುದು? ಅದಕ್ಕೇ ಮನೆಯಲ್ಲಿ ಅದು ಕೋಳಿಬಾಣ. ಇನ್ನೂ ದೂರ ಹೋಗಲಿ ಎನಿಸಿದರೆ ಗರಿಯ ಅಂಚನ್ನು ಚೂರು ಕತ್ತರಿಸುವುದು, ಬಿಟ್ಟು ನೋಡುವುದು, ಮತ್ತೆ ಕತ್ತರಿಸುವುದು. ಅವರ ಜೊತೆ ಕೂತು ನನ್ನ ರೊಟ್ಟಿ ಎಷ್ಟು ಸೀದವೋ!

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೊಲ ಪಾಲಾಗುವಾಗ ಅಣ್ಣ ಬಾವಿಯ ದಂಡೆಯಲ್ಲಿ ನಿಂತು, ತಾನೇ ಕಟ್ಟಿದ ಹೊಸ ಬಾಣ ಬಿಡಬೇಕು. ಅದು ಬಿದ್ದಲ್ಲಿಯವರೆಗೆ ಅಣ್ಣನದು, ಆಚೆಯದು ತಮ್ಮನದು. ಮಾವನವರಿಗೆ ನನ್ನ ಗಂಡ ಒಬ್ಬನೇ ಮಗ. ಅವರ ತಮ್ಮ ಚಿಕ್ಕಮಾವನಿಗೆ ಮನೆ ತುಂಬ ಮಕ್ಕಳು. ಬೇವಿನ ಮರದಾಚೆಯ ಕರಿಮಣ್ಣಿನ ಎರೆಹೊಲ ನಮಗೇ ಬರುತ್ತದೆಂದು ನಮ್ಮ ಯಜಮಾನರು ಕನಸು ಕಾಣುತ್ತಿದ್ದರು. ಸುಳ್ಳೇಕೆ, ನಾನೂ ಕಾಣುತ್ತಿದ್ದೆ.

ಪಾಲಿನ ಹಿಂದಿನ ದಿನ ಬಾಣವನ್ನು ಎಲ್ಲರೂ ನೋಡಿದ್ದೆವು. ಗರಿ ಕಡ್ಡಿಗೆ ಅಂಟಿಕೊಂಡು ಸಣ್ಣಗಿತ್ತು, ದೂರ ಹೋಗುವ ಬಾಣವೇ. ಬೆಳಿಗ್ಗೆ ತುಂತುರು ಹನಿ. ನಾನು ಎಸರಿಟ್ಟಿದ್ದೆ. ಮಾವನವರು ಬಾಣ ಹಿಡಿದು ಒಲೆಯ ಮುಂದೆ ಕೂತರು. "ಎಸರು ಇನ್ನೊಂದೀಟು ಕುದೀಲಿ ಯವ್ವಾ, ಚಳಿ ಹತ್ತೇತಿ" ಎಂದರು. ಆಮೇಲೆ ಬಾಣವನ್ನು ಕಂಬಳಿಯೊಳಗೆ ಇಟ್ಟುಕೊಂಡು ಹೊಲಕ್ಕೆ ಹೋದರು.

ಬಾಣ ಬುರ್ರೆಂದಿತು, ಬೇವಿನ ಬುಡಕ್ಕೆ ಬಿತ್ತು. ಊರ ಹಿರಿಯರು ಮುಖ ಮುಖ ನೋಡಿಕೊಂಡರು. ಮುದುಕನಿಗೆ ಅರಳು ಮರುಳೇ, ಕೈ ಸೋತಿತೇ, ಯಾರಿಗೂ ತಿಳಿಯಲಿಲ್ಲ. "ಹನಿ ಬಿದ್ದು ಗರಿ ಉಬ್ಬಿತಪ್ಪಾ, ನಾ ಏನ್ ಮಾಡ್ಲಿ" ಎಂದರು ಮಾವನವರು. ನೆನೆದ ಕಾಳು ಉಬ್ಬುತ್ತದೆ, ಬಾಗಿಲು ಉಬ್ಬುತ್ತದೆ, ಗರಿಯೂ ಉಬ್ಬಿರಬೇಕು ಎಂದುಕೊಂಡೆವು.

ಎರೆಹೊಲ ಹೋಯಿತು. ಯಜಮಾನರು ಅಪ್ಪನೊಂದಿಗೆ ಬೇಕಾದಷ್ಟೇ ಮಾತಾಡಿದರು, ಅಪ್ಪ ತೀರುವತನಕ. "ನಮ್ಮಪ್ಪಗ ಒಂದು ಬಾಣ ನೆಟ್ಟಗ ಬಿಡಾಕ ಬರಲಿಲ್ಲ" ಎನ್ನುವುದು ಅವರ ಕೊನೆಗಾಲದವರೆಗೂ ತಪ್ಪಲಿಲ್ಲ. ನನಗೆ ಮಾತ್ರ ಒಂದು ಗೊಂದಲ ಉಳಿದೇ ಇತ್ತು: ಹಕ್ಕಿಗೆ ಅಷ್ಟು ಲೆಕ್ಕ ನೋಡಿ ಗರಿ ಕತ್ತರಿಸುತ್ತಿದ್ದ ಮನುಷ್ಯ ಹೊಲಕ್ಕೆ ಹೇಗೆ ತಪ್ಪಿದ?

ನಿನ್ನೆ ರೊಟ್ಟಿಗೆ ಎಸರು ಕುದಿಯುತ್ತಿತ್ತು. ಮುದುಡಿದ ಗರಿಯನ್ನು ಅದರ ಹಬೆಗೆ ಹಿಡಿದೆ. ನೋಡನೋಡುತ್ತ ಎಳೆ ಎಳೆ ಬಿಡಿಸಿಕೊಂಡು ದಪ್ಪಗೆ ಅರಳಿತು. ಆಗ ನನಗೆ ಬಂದದ್ದು ಸಿಟ್ಟೋ, ಅಭಿಮಾನವೋ, ಇನ್ನೂ ಗೊತ್ತಾಗುತ್ತಿಲ್ಲ. ಒಂದು ಮಾತು ಹೇಳಿದ್ದರೆ ಎರೆಹೊಲವನ್ನು ತಮ್ಮನಿಗೆ ಕೊಡಲು ಮಗ ಬಿಡುತ್ತಿರಲಿಲ್ಲ, ಅದೂ ನಿಜ.

ಗರಿಯನ್ನು ಗೋಡೆಯ ಮೇಲಿನ ಯಜಮಾನರ ಪಟಕ್ಕೆ ಸಿಕ್ಕಿಸಿದೆ.

"ನಿಮ್ಮಪ್ಪ ನೆಟ್ಟಗ ಬಿಟ್ಟಿದ್ರು ನೋಡ್ರಿ" ಎಂದೆ.