ಐದನೆಯ ಪಾಳಿ

ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಬಾತ್ಮೀದಾರನಾಗಿದ್ದೆ. ಸುದ್ದಿ ಬರೆದು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು, ಮರುದಿನ ಅಚ್ಚಾಗಿ ಬಂದದ್ದನ್ನು ನನ್ನ ಪ್ರತಿಯೊಂದಿಗೆ ಸಾಲು ಸಾಲಾಗಿ ತಾಳೆ ನೋಡುವುದು, ಇಷ್ಟೇ ಕೆಲಸ. ಕಂಡದ್ದನ್ನು ಬರೆ, ಕೇಳಿದ್ದಾದರೆ ಯಾರಿಂದ ಕೇಳಿದೆ ಎಂಬುದನ್ನೂ ಬರೆ, ಎರಡೂ ಅಲ್ಲದ್ದನ್ನು ಬಿಡು ಎಂದು ಮೊದಲ ದಿನವೇ ಕಚೇರಿಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ನಾನು ತಿಳಿದು ತಿಳಿದು ಒಂದೇ ಸಲ ಮೀರಿದೆ. ಅದು ಕೊಲೆಯ ಸುದ್ದಿಯಲ್ಲ, ಚುನಾವಣೆಯದೂ ಅಲ್ಲ. ಗ್ರಾಮೋಫೋನ್ ತಟ್ಟೆಯೊಂದರ ಬಗ್ಗೆ ಬರೆದ ಏಳು ಸಾಲು.

ಐವತ್ತರ ದಶಕದಲ್ಲಿ ಸವಣೂರಿನಲ್ಲಿ ಆರು ಜನರ ಒಂದು ಬ್ಯಾಂಡು ಇತ್ತು. ಕ್ಲಾರಿನೆಟ್, ಎರಡು ಟ್ರಂಪೆಟ್, ಒಂದು ಸ್ಯಾಕ್ಸೊಫೋನ್, ದೊಡ್ಡ ಡ್ರಮ್ಮು, ಸೈಡ್ ಡ್ರಮ್ಮು. ಕ್ಲಾರಿನೆಟ್ ಊದುತ್ತಿದ್ದ ಮಾಸ್ತರರು ಕೆಲವು ವರ್ಷ ಮುಂಬಯಿಯ ಹೋಟೆಲೊಂದರಲ್ಲಿ ಗೋವೆಯವರ ಜೊತೆ ಜಾಝ್ ನುಡಿಸಿ ಬಂದವರು. ಅಲ್ಲಿಂದ ಅವರು ತಂದದ್ದು ಒಂದು ಪದ್ಧತಿ. ಮೊದಲು ಎಲ್ಲರೂ ಸೇರಿ ಧಾಟಿಯನ್ನು ಒಮ್ಮೆ ನುಡಿಸಬೇಕು. ಆಮೇಲೆ ಒಬ್ಬೊಬ್ಬರೇ ತಮ್ಮ ಪಾಳಿಯಲ್ಲಿ ಅದನ್ನು ಮನಸ್ಸಿಗೆ ಬಂದಂತೆ ಬೆಳೆಸಬೇಕು. ಆಗ ದೊಡ್ಡ ಡ್ರಮ್ಮಿನವನು ಮಾತ್ರ ಲೆಕ್ಕ ತಪ್ಪದಂತೆ ಬಡಿಯುತ್ತಿರುತ್ತಾನೆ, ಉಳಿದವರು ಸುಮ್ಮನೆ ನಿಂತಿರುತ್ತಾರೆ. ಐದನೆಯ ಪಾಳಿ, ಅಂದರೆ ಕೊನೆಯದು, ಸೈಡ್ ಡ್ರಮ್ಮಿನದು. ಅದಾದ ಮೇಲೆ ಮತ್ತೆ ಎಲ್ಲರೂ ಕೂಡಿ ಮುಗಿಸುವುದು.

ಮದುವೆಯ ಬ್ಯಾಂಡೆಂದರೆ ಎಲ್ಲರೂ ಒಟ್ಟಿಗೆ ಊದುವುದು ಎಂದು ತಿಳಿದಿದ್ದ ಊರುಗಳಿಗೆ ಇದು ಸರಿಬರಲಿಲ್ಲ. ಹುಲಗೂರಿನ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ಮೆರವಣಿಗೆಯನ್ನೇ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ.

“ಏ ಮಾಸ್ತರ, ಆರು ಮಂದೀನ ಕರಸೇವಿ, ಒಬ್ಬನ ಊದಾಕತ್ತಾನ. ಉಳದವ್ರು ಏನ್ ಹೋಳಿಗಿ ಅರಗಸಾಕತ್ತಾರೇನು?”

“ಅವ್ರು ಕೇಳಾಕತ್ತಾರ್ರಿ ಯಜಮಾನ್ರ,” ಎಂದರು ಮಾಸ್ತರರು. “ನೀವೂ ಚೂರು ಕೇಳ್ರಿ.”

ಮುಂಬಯಿಯ ಕಂಪನಿಯೊಂದು ಇವರನ್ನು ಕರೆಸಿ ಒಂದು ತಟ್ಟೆ ಮಾಡಿತು. ಹಳೆಯ ಬಗೆಯದು, ಒಂದು ಮೈಯಲ್ಲಿ ಮೂರು ನಿಮಿಷ ಹಿಡಿಯುವಂಥದು. ಮೊದಲ ಮೈಯಲ್ಲಿ ಧಾಟಿ, ಕ್ಲಾರಿನೆಟ್ಟು, ಟ್ರಂಪೆಟ್ಟುಗಳು. ಎರಡನೆಯದರಲ್ಲಿ ಸ್ಯಾಕ್ಸೊಫೋನು, ನಂತರ ಸೈಡ್ ಡ್ರಮ್ಮು. ಹಾನಗಲ್ಲಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅದನ್ನು ದಿನಾ ಹಾಕುತ್ತಿದ್ದರು. ಸೈಡ್ ಡ್ರಮ್ಮಿನವನು ಮೊದಲು ಡ್ರಮ್ಮಿನ ಅಂಚಿನ ಮೇಲೆ ಸಣ್ಣಗೆ ಶುರು ಮಾಡಿ, ಮೆಲ್ಲನೆ ಚರ್ಮಕ್ಕೆ ಬಂದು, ಎರಡೂ ಕೋಲು ಸೇರಿ ಒಂದೇ ಸದ್ದಾಗುವಷ್ಟು ವೇಗ ಹಿಡಿದು, ಥಟ್ಟನೆ ನಿಲ್ಲುತ್ತಿದ್ದ. ಒಂದು ಪೆಟ್ಟಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆರೂ ಮಂದಿ ಒಟ್ಟಿಗೆ ಬರುತ್ತಿದ್ದರು. ಆ ಜಾಗ ಬಂದಾಗ ಯಾರಾದರೂ ಚಹಾ ಕೂಗಿದರೆ ಹೋಟೆಲಿನವನು ಬೈಯುತ್ತಿದ್ದ. “ಪಾಳಿ ಮುಗೀಲಿ ತಡೀರೆಪ, ಚಾ ಎಲ್ಲಿ ಓಡಿಹೋಗ್ತೈತಿ?” ನಾನು ಅದನ್ನು ಕನಿಷ್ಠ ಐವತ್ತು ಸಲ ಕೇಳಿದ್ದೇನೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ, ಏಕೆಂದರೆ ಬರೆಯಬೇಕಾದಾಗ ಬರೆಯಲಿಲ್ಲ, ಹೇಳಬೇಕಾದಾಗ ಹೇಳಲಿಲ್ಲ.

ಬ್ಯಾಂಡು ಹೆಚ್ಚು ದಿನ ಉಳಿಯಲಿಲ್ಲ. ಮಾಸ್ತರರು ಕಾಮಾಲೆಯಾಗಿ ತೀರಿಕೊಂಡರು. ಟ್ರಂಪೆಟ್ಟಿನವರಿಬ್ಬರು ಸಾಂಗ್ಲಿಯ ಕಡೆ ಹೋದರು, ಉಳಿದವರು ಎಲ್ಲೆಲ್ಲೋ. ಸೈಡ್ ಡ್ರಮ್ಮಿನವನು ತನ್ನ ಊರಾದ ಮಾಸೂರಿಗೆ ಮರಳಿ ಮದಗದ ಕೆರೆಯ ನೀರಿನ ಕೆಳಗಿನ ಹೊಲಗಳಲ್ಲಿ ಕೂಲಿಗೆ ನಿಂತ. ಅಲ್ಲಿ ಕಬ್ಬಿನ ಗಾಣ ಅವನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು.

ಅರವತ್ತರ ದಶಕದ ನಡುವೆ ಅದೇ ಕಂಪನಿ ಹಳೆಯ ತಟ್ಟೆಗಳನ್ನು ದೊಡ್ಡ ಹೊಸ ತಟ್ಟೆಗಳಲ್ಲಿ ಮತ್ತೆ ಹೊರತರತೊಡಗಿತು. ನಮ್ಮ ಆರು ಜನರದೂ ಒಂದರಲ್ಲಿ ಬಂತು. ಕಂಪನಿ ಅಚ್ಚು ಹಾಕಿಸಿದ ಪ್ರಚಾರದ ಕಾಗದ ನನಗೆ ಅಂಚೆಯಲ್ಲಿ ಬಂತು. ತಟ್ಟೆ ಬರಲಿಲ್ಲ. ಕೇಳದೆ ಬರೆಯಬಾರದು ಎಂಬುದು ಗೊತ್ತಿತ್ತು. ಆದರೆ ಸವಣೂರಿನ ಸುದ್ದಿ, ಓದುವವರಿಗೆ ಸಂತೋಷ, ಕಾಗದದಲ್ಲಿ ಎಲ್ಲವೂ ಇದೆ. “ಮೂಲ ವಾದನವನ್ನು ಯಾವ ಭಾಗವನ್ನೂ ಬಿಡದೆ ಸಂಪೂರ್ಣವಾಗಿ ನೀಡಲಾಗಿದೆ” ಎಂಬ ಸಾಲನ್ನೂ ಇಳಿಸಿಕೊಂಡೆ. ಕಂಪನಿ ಹೀಗೆ ಹೇಳಿದೆ ಎಂದು ಸೇರಿಸಲಿಲ್ಲ. ಸಾಲು ನನ್ನದಾಯಿತು.

ಕೆಲವು ವಾರಗಳ ನಂತರ ಡ್ರಮ್ಮಿನವನು ಶಿಗ್ಗಾವಿಯಲ್ಲಿ ನನ್ನ ಖೋಲಿಗೆ ಬಂದ. ಆಗ ಅವನಿಗೆ ನಲವತ್ತರ ಮೇಲಿರಬಹುದು. ನನ್ನ ಏಳು ಸಾಲನ್ನು ಕತ್ತರಿಸಿ, ಮಡಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಪಕ್ಕದ ಊರಿನಲ್ಲಿ ಹೈಸ್ಕೂಲು ನಡೆಸುವ ಸಮಿತಿಯೊಂದು ಮಕ್ಕಳ ಕವಾಯತಿಗೆ ಡ್ರಮ್ಮು ಕಲಿಸುವವನನ್ನು ಹುಡುಕುತ್ತಿತ್ತು. ಅವನು ಅರ್ಜಿ ಬರೆಸಿದ್ದ, ಇನ್ನೂ ಕೊಟ್ಟಿರಲಿಲ್ಲ.

“ಕೈ ನೋಡಿ ನಗ್ತಾರ್ರಿ,” ಎಂದ. “ಬಾರಿಸಿ ತೋರ್ಸು ಅಂದ್ರ ಈಗ ಆಗೂದಿಲ್ಲ. ಕಲಸ್ತೇನಿ, ಅದ್ರಾಗ ಅನುಮಾನಿಲ್ಲ. ಊರಾಗ ನಾಕು ಹುಡುಗ್ರಿಗೆ ಕಲ್ಲಿನ ಮ್ಯಾಲ ಕೋಲು ಕೊಟ್ಟು ಕಲಿಸೇನಿ. ಆದ್ರ ಇಂವಾ ಯಾರು ಅಂತ ಅವ್ರಿಗೆ ಗೊತ್ತಾಗಬೇಕಲ್ರಿ? ನನ್ನ ಹಳೇ ಪ್ಲೇಟು ಮನಿ ಸಾರಸೂ ಮುಂದ ಬಿದ್ದು ಒಡೀತು. ನೀವು ಬರದೀರಲ್ಲ, ಹೊಸಾದ್ರಾಗ ಎಲ್ಲಾ ಐತಿ ಅಂತ. ಅದನ್ನ ಹಾಕಿ ಕೇಳ್ರಿ ಅಂತ ಅರ್ಜ್ಯಾಗ ಬರಸೇನಿ.”

“ನೀವು ಕೇಳೀರೇನು ಹೊಸಾದನ್ನ?” ಎಂದೆ.

“ಎಲ್ಲಿ ಕೇಳ್ಲಿ? ಮಾಸೂರಾಗ ಯಾರ ಹತ್ರ ಆ ಮಿಷನ್ ಐತಿ? ನೀವು ಕೇಳಿ ಬರದಿರ್ತೀರಿ, ಸಾಕಲ್ರಿ.”

ನಾನು ಕೇಳಿಲ್ಲ ಎಂದು ಆಗ ಹೇಳಬಹುದಿತ್ತು. ಅವನಿಗೆ ಚಹಾ ತರಿಸಿದೆ.

ಸಂದರ್ಶನದ ದಿನ ನಾನೂ ಹೋದೆ. ಸಮಿತಿಯ ಬೇರೆ ಸಭೆಯ ವರದಿಯೂ ಇತ್ತು. ಮೇಜಿನ ಆಚೆ ಅಧ್ಯಕ್ಷರು, ಮೆಣಸಿನಕಾಯಿ ವ್ಯಾಪಾರದ ಮನೆತನದವರು, ಪಕ್ಕದಲ್ಲಿ ಹೆಡ್ಮಾಸ್ತರರು. ವಾರ್ಷಿಕೋತ್ಸವಕ್ಕೆಂದು ಕೊಂಡಿದ್ದ ರೆಕಾರ್ಡ್ ಪ್ಲೇಯರನ್ನು ಮೇಜಿನ ಮೇಲೆ ಇಟ್ಟಿದ್ದರು. ಹೊಸ ತಟ್ಟೆಯನ್ನು ಊರಿನ ರೇಡಿಯೋ ಅಂಗಡಿಯಿಂದ ತರಿಸಿದ್ದರು. ಅಲ್ಲಿಯವರೆಗೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು ಎಂದು ಹೇಳಬೇಕು.

ಧಾಟಿ ಬಂತು. ಕ್ಲಾರಿನೆಟ್ಟು, ಟ್ರಂಪೆಟ್ಟುಗಳು, ಸ್ಯಾಕ್ಸೊಫೋನು. ಡ್ರಮ್ಮಿನವನು ತಲೆ ತಗ್ಗಿಸಿ, ಎಡಗೈ ಬೆರಳಿನಿಂದ ತೊಡೆಯ ಮೇಲೆ ಲೆಕ್ಕ ಹಿಡಿದಿದ್ದ. “ಈಗ ನೋಡ್ರಿ,” ಎಂದ. ಅಷ್ಟರಲ್ಲಿ ಸ್ಯಾಕ್ಸೊಫೋನಿನ ಸದ್ದು ಇಳಿಯುತ್ತ ಇಳಿಯುತ್ತ ಇಲ್ಲವಾಯಿತು. ಎರಡು ಕ್ಷಣ ಸೂಜಿಯ ಸರಸರ. ಮುಂದೆ ಬೇರೊಂದು ಬ್ಯಾಂಡಿನ ಮೆರವಣಿಗೆಯ ವಾದ್ಯ ಶುರುವಾಯಿತು. ಒಂದೇ ತಟ್ಟೆಯಲ್ಲಿ ಹೆಚ್ಚು ಸರಕು ಹಿಡಿಸಲು ಕೊನೆಯನ್ನು ಕತ್ತರಿಸಿದ್ದರು.

“ಎಲ್ಲೈತೋ ಮಾರಾಯ, ನಿನ್ನ ಡ್ರಮ್ಮು?” ಅಧ್ಯಕ್ಷರು ನಕ್ಕರು. “ನೀ ಬಾರಸೂದ್ರಾಗ ಅವ್ರು ಮನೀಗೆ ಹೋಗ್ಯಾರೇನು?”

“ಐತ್ರಿ, ಇನ್ನೊಮ್ಮೆ ಹಾಕ್ರಿ. ಸೂಜಿ ಜಿಗದೈತಿ.”

ಇನ್ನೊಮ್ಮೆ ಹಾಕಿದರು. ಅದೇ ಜಾಗದಲ್ಲಿ ಅದೇ ರೀತಿ ಮುಗಿಯಿತು.

“ತಗದಾರ್ರಿ. ನಂದನ್ನ ತಗದಾರ. ಹಳೇದ್ರಾಗಿತ್ತು, ಆಣಿ ಮಾಡಿ ಹೇಳ್ತೇನಿ.”

ಹೆಡ್ಮಾಸ್ತರರು ಅರ್ಜಿಗೆ ಅಂಟಿಸಿದ್ದ ಪತ್ರಿಕೆಯ ಚೂರನ್ನು ಓದಿದರು. ಸಾವಧಾನದ ಮನುಷ್ಯ, ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ. “ತಗದಾರ ಅಂತೀಯಲ್ಲ ತಮ್ಮಾ, ನೀನ ಹಚ್ಚಿದ ಕಾಗದದಾಗ ಯಾವ ಭಾಗಾನೂ ಬಿಡದ ಸಂಪೂರ್ಣ ಅಂತ ಐತಿ. ಸಂಪೂರ್ಣ ಇದ್ದದ್ರಾಗ ನಿನ್ನ ಪಾಳಿ ಇಲ್ಲ ಅಂದ್ರ, ನಿನಗ ಪಾಳಿನ ಇರಲಿಲ್ಲ ಅಂದಂಗಾತು.” ಆಮೇಲೆ ನನ್ನ ಕಡೆ ತಿರುಗಿದರು. “ಇದು ನೀವ ಬರದದ್ದಲ್ರಿ, ಬಾತ್ಮೀದಾರ್ರ?”

“ಹೌದ್ರಿ.”

“ಹಳೇ ಪ್ಲೇಟು ಕೇಳೀರೇನು?”

ಆ ವರ್ಷ ಹುಬ್ಬಳ್ಳಿಯ ಕಚೇರಿಯಲ್ಲಿ ಒಬ್ಬ ಉಪಸಂಪಾದಕರ ಜಾಗ ಖಾಲಿಯಿತ್ತು. ನನ್ನ ಹೆಸರು ಮುಂದಿತ್ತು. ಅಧ್ಯಕ್ಷರ ಅಂಗಡಿಗೆ ನಮ್ಮ ಸಂಪಾದಕರ ಓಡಾಟವೂ ಇತ್ತು. ಕೇಳಿದ್ದೇನೆ ಎಂದರೆ, ನನ್ನ ಸುದ್ದಿ ಸುಳ್ಳು ಎಂದು ನಾನೇ ಒಪ್ಪಿದಂತೆ. ಇದೆಲ್ಲವನ್ನೂ ಯೋಚಿಸಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು, ಬಹಳ ಹಿಡಿಯಲಿಲ್ಲ.

“ಭಾಳ ವರ್ಷ ಆತ್ರಿ,” ಎಂದೆ. “ಖಾತ್ರಿ ಹೇಳಾಕ ಬರೂದಿಲ್ಲ.”

ಡ್ರಮ್ಮಿನವನು ನನ್ನ ಮುಖ ನೋಡಿದ. ಹಾನಗಲ್ಲಿನ ಆ ಹೋಟೆಲಿನಲ್ಲಿ ಎಷ್ಟೋ ಸಲ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ತನ್ನದನ್ನು ತಾನೇ ಕೇಳಿದವನು ಅವನು. ಅದನ್ನು ಅವನು ಅಲ್ಲಿ ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂಬುದಕ್ಕೆ ನನಗೆ ಇಂದಿಗೂ ಕಾರಣ ತಿಳಿದಿಲ್ಲ. ಕೆಲಸ ಸೈನ್ಯದ ಪಟಾಲಮ್ಮಿನಿಂದ ನಿವೃತ್ತನಾಗಿ ಬಂದ ಒಬ್ಬನಿಗೆ ಹೋಯಿತು. ಅವನ ಬಳಿ ಕಾಗದಪತ್ರಗಳಿದ್ದವು.

ತಿದ್ದುಪಡಿ ಬರೆದುಕೊಂಡು ನಾನು ಹುಬ್ಬಳ್ಳಿಗೆ ಹೋದದ್ದು ನಿಜ. ಸುದ್ದಿ ಸಂಪಾದಕರು ಅದನ್ನು ನಿಂತಲ್ಲೇ ಓದಿದರು. “ಯಾರು ಕೇಳ್ಯಾರ ಇದನ್ನ? ಕಂಪನಿಯವ್ರು ತಕರಾರು ಮಾಡ್ಯಾರೇನು?” ಇಲ್ಲ ಎಂದೆ. “ಒಬ್ಬ ಡ್ರಮ್ಮಿನವನ ಸಲುವಾಗಿ ಪೇಪರಿನ ಮರ್ಯಾದಿ ಯಾಕ ತಗೀತೀರಿ?” ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟರು. ನಾನು ಎರಡನೆಯ ಸಲ ಕೇಳಲಿಲ್ಲ. ಆ ಮಳೆಗಾಲದಲ್ಲಿ ಉಪಸಂಪಾದಕನಾದೆ. ತಾಲೂಕುಗಳಿಂದ ಬರುವ ಸುದ್ದಿಗಳಲ್ಲಿ ತಪ್ಪುಗಳಿವೆಯೇ ಎಂದು ನೋಡುವ ಕೆಲಸ ನನಗೆ ಬಂತು.

ನಾನು ಶಿಗ್ಗಾವಿ ಬಿಟ್ಟು ಹುಬ್ಬಳ್ಳಿಗೆ ಹೊರಡುವ ವಾರ ಡ್ರಮ್ಮಿನವನು ಮತ್ತೊಮ್ಮೆ ಖೋಲಿಗೆ ಬಂದ. ಬೈಯಲು ಬಂದಿದ್ದಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ಕುಂದರಾಕ ಬಂದಿಲ್ರಿ. ಒಂದು ಜಾಹೀರಾತು ಬರಕೊಳ್ರಿ. ಸೈಡ್ ಡ್ರಮ್ಮು ಮಾರೂದೈತಿ.”

ಬರೆದುಕೊಂಡೆ. ಸೈಡ್ ಡ್ರಮ್ಮು, ಕೋಲು ಮತ್ತು ಪಟ್ಟಿ ಸಹಿತ, ಒಳ್ಳೆಯ ಸ್ಥಿತಿಯಲ್ಲಿದೆ, ಮಾರುವುದಿದೆ, ಮಾಸೂರಿನಲ್ಲಿ ವಿಚಾರಿಸಿರಿ.

“ಪ್ರಸಿದ್ಧ ಬ್ಯಾಂಡಿನದು ಅಂತ ಹಾಕ್ಲೇನು?” ಎಂದೆ. “ರೆಕಾರ್ಡಿನ್ಯಾಗ ಬಾರಿಸಿದ್ದು ಅಂತ ಹಾಕಿದ್ರ ಗಿರಾಕಿ ಬರ್ತಾರ.”

“ಬ್ಯಾಡ್ರಿ. ಯಾರರ ಆ ಪ್ಲೇಟು ಹಾಕಿ ನೋಡಿ, ಮಾಸೂರಂವ ಸುಳ್ಳ ಹೇಳ್ತಾನ ಅಂದಾರು.” ಓದಿ ಹೇಳಲು ಕೇಳಿದ. ಓದಿದೆ. ಪಟ್ಟಿಯ ಬಕ್ಕಲು ಮುರಿದಿದೆ ಎಂದು ಸೇರಿಸಲು ಹೇಳಿದ. “ಅಷ್ಟೂ ಖರೆ ಬರೀರಿ.” ಸೇರಿಸಿದೆ. ಅವನು ಇನ್ನೊಮ್ಮೆ ಓದಿಸಿ ಕೇಳಿಕೊಂಡು, ತಲೆಯಾಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದ.